ನಿಮ್ಮ ಚೀಲ ನೀವೇ ಹೊರಬೇಕು

ಈ ಸಲ ಬಂದ ಪತ್ರಗಳಲ್ಲಿ ಮೂರು ಗಾಲ್ಫ್ ಬಗ್ಗೆಯೇ ಇವೆ. ಕಾಫಿ ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಪುರುಸೊತ್ತಾಗಿರಬೇಕು.

ಪ್ರಶ್ನೆ: ನನಗೆ 58 ವರ್ಷ. ಪೊನ್ನಂಪೇಟೆ ಹತ್ತಿರ ತೋಟ. ಹರೆಯದಲ್ಲಿ ಹಾಕಿ ಆಡಿದವನು, ಕೌಟುಂಬಿಕ ಹಾಕಿಯಲ್ಲಿ ನಮ್ಮ ಮನೆಯ ತಂಡದಲ್ಲೂ ಇದ್ದೆ. ಎರಡು ವರ್ಷದಿಂದ ಬಿಟ್ಟಂಗಾಲದಲ್ಲಿ ಗಾಲ್ಫ್ ಕಲಿಯುತ್ತಿದ್ದೇನೆ. ಮೇ ಕೊನೆಗೆ ಎಡಿನ್‌ಬರೊದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅಳಿಯ ಅಲ್ಲಿ ಬ್ರೇಡ್ ಹಿಲ್ಸ್ ಎಂಬ ಹಳೆಯ ಮುನ್ಸಿಪಾಲಿಟಿ ಕೋರ್ಸಿನಲ್ಲಿ ಆಟ ಬುಕ್ ಮಾಡಿದ್ದಾರಂತೆ. ಮುನ್ಸಿಪಾಲಿಟಿಯದ್ದು ಅಂದ್ರೆ ಹೇಗಿರುತ್ತದೆ? ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಕೇಳುತ್ತಾರಾ? ಚೀಲ ಹೊರಲು ಕ್ಯಾಡಿ ಸಿಗುತ್ತಾನಾ? ನನ್ನ ಹೊಡೆತ ಯಾವಾಗಲೂ ಬಲಕ್ಕೆ ತಿರುಗಿ ಹೋಗುತ್ತದೆ. ನೋಡಿದವರು ನಗುತ್ತಾರೋ ಅಂತ ಅಳುಕು.

ಉತ್ತರ: ನಗುವುದಿಲ್ಲ ಸಾರ್. ನಿಮ್ಮನ್ನು ನೋಡಿ ನಗಲು ಅಲ್ಲಿ ಯಾರಿಗೂ ಬಿಡುವಿಲ್ಲ. ನಿಮ್ಮ ಹಿಂದೆ ಇನ್ನೊಂದು ಗುಂಪು ಕಾಯುತ್ತಾ ನಿಂತಿರುತ್ತದೆ. ಅವರ ಕಣ್ಣು ಗಡಿಯಾರದ ಮೇಲೆ.

ನನಗೆ ಹೇಗೆ ಗೊತ್ತು ಅಂದ್ರೆ, ಮಗ ಅಲ್ಲಿದ್ದಾಗ ನಾನೂ ಒಂದು ಬೇಸಿಗೆ ಹೋಗಿದ್ದೆ. ಅದಕ್ಕೂ ಹಿಂದಿನದು ಸ್ವಲ್ಪ ಹೇಳಬೇಕು. ನಾನು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವನು. ಹನ್ನೆರಡನೇ ವಯಸ್ಸಿಗೆ ದೊರೆಗಳ ಗಾಲ್ಫ್ ಚೀಲ ಹೊತ್ತೆ. ಆಮೇಲೆ ಅದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆದೆ. ಕೋಲು ಒರೆಸುತ್ತಾ, 'ಸೆವೆನ್ ಐರನ್ ಸಾಕು ದೊರೆ' ಅನ್ನುತ್ತಾ ಆಟ ಕಲಿತದ್ದು. ಸಂಜೆ ಅವರೆಲ್ಲ ಹೋದ ಮೇಲೆ ನಾವು ಹುಡುಗರು ಮುರಿದ ಕೋಲಿಗೆ ಬಿದಿರು ಕಟ್ಟಿ ಆಡುತ್ತಿದ್ದೆವು.

ಬ್ರೇಡ್ ಹಿಲ್ಸ್ ಶುರುವಾಗಿದ್ದು 1889ರಲ್ಲಿ. ಅದಕ್ಕೂ ಮೊದಲು ಊರೊಳಗಿನ ಬ್ರಂಟ್ಸ್‌ಫೀಲ್ಡ್ ಮೈದಾನದಲ್ಲಿ ಆಟ ನಡೆಯುತ್ತಿತ್ತು. ಅಲ್ಲಿ ಜನ ಜಾಸ್ತಿಯಾಗಿ ಕಾಲಿಡಲು ಜಾಗ ಇಲ್ಲದಂತಾದಾಗ ನಗರಾಡಳಿತವೇ ದಕ್ಷಿಣದ ಈ ಗುಡ್ಡ ಕೊಂಡು ಆಟಕ್ಕೆ ಬಿಟ್ಟಿತು. ಊರಿನ ಆಸ್ತಿ ಅದು. ಸದಸ್ಯರಾಗಬೇಕಿಲ್ಲ, ಯಾರ ಶಿಫಾರಸೂ ಬೇಡ. ದುಡ್ಡು ಕಟ್ಟಿದರೆ ಆಟ. ಇಂಥ ಕಡೆ ಹ್ಯಾಂಡಿಕ್ಯಾಪ್ ಚೀಟಿಗೆ ಸಾಮಾನ್ಯವಾಗಿ ಕೈ ಚಾಚುವುದಿಲ್ಲ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿಗೆ ಹೋಗುವುದಾದರೆ ಮಾತ್ರ ಅದು ಬೇಕು. ಅದೂ ಸಾರ್ವಜನಿಕರದ್ದೇ, ಆದರೆ ನೂಕುನುಗ್ಗಲು. ಭಾನುವಾರ ಅಲ್ಲಿ ಆಟ ಬಂದ್, ಊರಿನವರು ನಾಯಿ ಹಿಡಿದುಕೊಂಡು ಅದೇ ಹುಲ್ಲಿನ ಮೇಲೆ ವಾಕಿಂಗ್ ಹೋಗುತ್ತಾರೆ.

ನಮ್ಮಲ್ಲಿ ಯಾರೇ ಎದುರಾದರೂ ಮೊದಲು 'ಯಾವ ಮನೆ?' ಅಂತ ಕೇಳುವುದು ಅಲ್ವಾ? ಅಲ್ಲಿ ಸರದಿಯಂತೆ ಆಟಕ್ಕೆ ಬಿಡುವ ಸ್ಟಾರ್ಟರ್ ನನ್ನ ಹೆಸರು ಕೇಳಿದ. ಅದೂ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವುದಕ್ಕೆ. ನಾವು ಅಪ್ಪ ಮಗ ಇಬ್ಬರೇ ಇದ್ದುದರಿಂದ ಇನ್ನಿಬ್ಬರನ್ನು ಜೊತೆಗೆ ಸೇರಿಸಿದ. ಒಬ್ಬರು ನಿವೃತ್ತ ಬಸ್ ಡ್ರೈವರ್, ಇನ್ನೊಬ್ಬಳು ಕಾಲೇಜು ಹುಡುಗಿ. ಕ್ಯಾಡಿ ಇಲ್ಲ. ಎಲ್ಲರ ಚೀಲವೂ ಅವರವರ ಹೆಗಲಲ್ಲಿ, ಇಲ್ಲವೇ ಎಳೆಯುವ ಗಾಡಿಯಲ್ಲಿ. ಮೊದಲ ಹೊಡೆತ ಆಗಿ ಹೊರಟಾಗ ನನ್ನ ಕೈ ತಾನಾಗಿ ಆ ಹುಡುಗಿಯ ಚೀಲಕ್ಕೂ ಹೋಯಿತು. ಅವಳು ಗಾಬರಿಯಾಗಿ ಪಟ್ಟಿ ಹಿಡಿದು ಎಳೆದುಕೊಂಡಳು. ಮಗ ಏನೋ ಹೇಳಿ ನಗಿಸಿದ. ಎರಡು ಹೋಲ್ ದಾಟುವವರೆಗೂ ನನ್ನ ಕಿವಿ ಬಿಸಿಯಾಗಿತ್ತು.

ಚೀಲ ಹಗುರ ಇರಲಿ. ನಿಯಮ 14 ಕೋಲಿಗೆ ಅವಕಾಶ ಕೊಡುತ್ತದೆ, ನಿಮಗೆ ಏಳು ಸಾಕು. ಆ ಗುಡ್ಡದ ಏರು ನಮ್ಮ ಕಡೆಯದರಂತೆಯೇ ಉಸಿರು ತೆಗೆಯುತ್ತದೆ. ಮೇಲೆ ಹತ್ತಿದರೆ ಕೋಟೆ, ಆರ್ಥರ್ಸ್ ಸೀಟ್ ಬೆಟ್ಟ, ಆಚೆಗೆ ಸಮುದ್ರದ ಕವಲು ಎಲ್ಲ ಕಾಣುತ್ತದೆ. ಕಕ್ಕಡ ತಿಂಗಳ ಮಳೆ ಕಂಡ ನಮಗೆ ಅಲ್ಲಿಯ ಮಳೆ ಏನೂ ಅಲ್ಲ. ಗಾಳಿ ಬೇರೆ ಮಾತು. ಕೊಡೆ ತರಬೇಡಿ, ಜರ್ಕಿನ್ ತನ್ನಿ.

ಇನ್ನು ಗೋರ್ಸ್. ಹಳದಿ ಹೂವಿನ ಮುಳ್ಳಿನ ಪೊದೆ. ಊಟಿಯ ಗಾಲ್ಫ್ ಮೈದಾನದ ಕಡೆ ಹೋದವರು ಇದನ್ನು ನೋಡಿರುತ್ತಾರೆ, ಅಲ್ಲಿಗೆ ತಂದವರು ಬ್ರಿಟಿಷರೇ. ಹೂವಿಗೆ ಮೂಗು ಹಿಡಿದರೆ ಥೇಟ್ ಕೊಬ್ಬರಿ ವಾಸನೆ. ಕೈ ಹಾಕಿದರೆ ಮಾತ್ರ ಲಂಟಾನವೇ ವಾಸಿ ಅನಿಸುತ್ತದೆ. ಬ್ರೇಡ್ ಹಿಲ್ಸ್‌ನಲ್ಲಿ ಅದು ದಂಡಿಯಾಗಿದೆ. ನನ್ನ ಮೂರನೇ ಚೆಂಡು ಅದರೊಳಗೆ ಹೋಯಿತು.

ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ. ಮೊದಲು ಐದಿತ್ತು. ಅದಕ್ಕೇ ಕ್ಯಾಡಿಗಳ ಒಂದು ಉಪಾಯ ಹೇಳುತ್ತೇನೆ. ಚೆಂಡು ಬಿದ್ದ ಜಾಗ ನೋಡಬೇಡಿ. ಅದು ಮರೆಯಾದ ಕ್ಷಣ ಅದರ ಹಿಂದೆ ದೂರದಲ್ಲಿ ಏನಿದೆ ನೋಡಿ. ನಾವು ತೋಟದ ಸಿಲ್ವರ್ ಓಕ್ ಲೆಕ್ಕ ಇಡುತ್ತಿದ್ದೆವು: ಮೆಣಸು ಬಳ್ಳಿ ಒಣಗಿದ ಮರ, ಅದರ ಎಡಗಡೆಯದು. ಆ ಮರದ ಮೇಲೆ ಕಣ್ಣಿಟ್ಟು ನೇರ ನಡೆಯಿರಿ. ನಡುವೆ ತಲೆ ತಗ್ಗಿಸಿದರೆ ಕೆಟ್ಟಿರಿ. ಅವತ್ತು ನಾನು ಒಂದು ಚರ್ಚಿನ ಗೋಪುರ ಹಿಡಿದು ನಡೆದೆ. ನನ್ನ ಚೆಂಡು ಸಿಕ್ಕಿತು, ಜೊತೆಗೆ ಯಾರದ್ದೋ ಇನ್ನೆರಡು. ಡ್ರೈವರ್ ಮಹಾಶಯರು ಆಮೇಲೆ ತಮ್ಮ ಚೆಂಡು ಕಳೆದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು.

ಚೆಂಡು ಸಿಗುವುದು ಅನುಮಾನ ಅನಿಸಿದರೆ ಮುಂದೆ ಹೋಗುವ ಮೊದಲೇ 'ಪ್ರಾವಿಷನಲ್' (ತಾತ್ಕಾಲಿಕ ಚೆಂಡು) ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಹೊಡೆಯಿರಿ. ಹೇಳದೆ ಹೊಡೆದರೆ ಮೊದಲ ಚೆಂಡು ಕಳೆದ ಲೆಕ್ಕ. ಆ ಗುಡ್ಡದಲ್ಲಿ ಸುಮ್ನೆ ನಡೆಯಲು ಬಂದವರೂ ಇರುತ್ತಾರೆ, ಚೆಂಡು ಅತ್ತ ಹೋದರೆ 'ಫೋರ್' ಅಂತ ಜೋರಾಗಿ ಕೂಗಿ. ನಾಚಿಕೆ ಬೇಡ. ಬಾವುಟ ಹಿಡಿದು ನಿಲ್ಲುವುದು ನನ್ನ ಕಾಲದಲ್ಲಿ ಕ್ಯಾಡಿ ಕೆಲಸ. ಈಗ ಬಾವುಟ ಗುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು, ಅಂದ್ರೆ ಚೆಂಡನ್ನು ಗುಳಿಗೆ ಉರುಳಿಸಬಹುದು, ಅದೂ 2019ರ ಬದಲಾವಣೆಯೇ. ಮರಳಿನ ಹೊಂಡದಿಂದ ಹೊರಬಂದ ಮೇಲೆ ಕುಂಟೆ ಎಳೆದು ಮರಳು ಸರಿಮಾಡಿ.

ಬಲಕ್ಕೆ ತಿರುಗುವ ಹೊಡೆತ ಹಾಕಿಯವರ ಕಾಯಿಲೆ. ಎಡಗೈ ಮೇಲೆ, ಬಲಗೈ ಕೆಳಗೆ, ಅದು ಎರಡೂ ಆಟಕ್ಕೆ ಒಂದೇ. ಅದರಿಂದ ಲಾಭ ಇದೆ. ಆದರೆ ನಿಮ್ಮ ವಯಸ್ಸಿನವರಿಗೆ ಕೋಲು ಹೆಗಲು ದಾಟಿದರೆ ಅಂಪೈರ್ ಸೀಟಿ ಊದುತ್ತಿದ್ದ. ಆ ಹೆದರಿಕೆ ತೋಳಿನಲ್ಲಿ ಉಳಿದಿದೆ. ಅರ್ಧಕ್ಕೇ ಕೋಲು ತಡೆದು ಚೆಂಡನ್ನು ಕತ್ತರಿಸಿದ ಹಾಗೆ ಹೊಡೆಯುತ್ತೀರಿ. ಹೊಡೆದ ಮೇಲೆ ಕೈ ಎಡ ಹೆಗಲಿನ ಮೇಲೆ ಬರುವವರೆಗೆ ಬಿಡಿ. ಯಾರೂ ಸೀಟಿ ಊದುವುದಿಲ್ಲ.

ಮತ್ತೆ, ಜೂನ್ ಹತ್ತಿರ ಅಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಸಂಜೆ ಆಟ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಗಾಲ್ಫಿನಲ್ಲಿ 18 ಹೋಲ್ ಯಾಕೆ? ಒಂದು ಬಾಟಲಿ ವಿಸ್ಕಿಯಲ್ಲಿ 18 ಪೆಗ್ ಇರುವುದರಿಂದ ಅಂತ ನಮ್ಮ ಮಾವ ಹೇಳುತ್ತಾರೆ. *ವಿದ್ಯಾರ್ಥಿ, ಕುಶಾಲನಗರ*

ಉತ್ತರ: ಮಾವನಿಗೆ ನಮಸ್ಕಾರ ಹೇಳು. ಕೊಡಗಿನಲ್ಲಿ ಈ ಕಥೆಗೆ ಗಿರಾಕಿ ಜಾಸ್ತಿ. ಸೇಂಟ್ ಆಂಡ್ರೂಸ್‌ನಲ್ಲಿ ಹಿಂದೆ ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ ಮೊದಲಿನ ನಾಲ್ಕನ್ನು ಸೇರಿಸಿ ಎರಡು ಮಾಡಿದರು. ಹೋಗುವಾಗ, ಬರುವಾಗ ಅದೇ ಹೋಲ್‌ಗಳನ್ನು ಆಡುತ್ತಿದ್ದುದರಿಂದ ನಾಲ್ಕು ಕಡಿಮೆಯಾಗಿ 18 ಆಯಿತು. ಉಳಿದ ಊರಿನವರು ಆಮೇಲೆ ಅದನ್ನೇ ಹಿಡಿದರು. ಪೆಗ್ ಲೆಕ್ಕ ನೀನು ಹಾಕಬೇಡ.

ಪ್ರಶ್ನೆ: ನಮ್ಮ ಮಡಿಕೇರಿಯಲ್ಲೂ ನಗರಸಭೆಯವರು ಎಲ್ಲರಿಗೂ ಒಂದು ಗಾಲ್ಫ್ ಮೈದಾನ ಮಾಡಬಹುದಲ್ವಾ? ನಮ್ಮಂಥ ಹೆಂಗಸರೂ ಮಕ್ಕಳೂ ಹೋಗಬಹುದಿತ್ತು. *ಗೃಹಿಣಿ, ಮಡಿಕೇರಿ*

ಉತ್ತರ: ದೊಡ್ಡದು ಆಗದ ಮಾತಮ್ಮ. ಹೋಂಸ್ಟೇ ಏಳದೆ ಉಳಿದ ಅಷ್ಟು ದೊಡ್ಡ ಗುಡ್ಡ ಎಲ್ಲಿದೆ? ಇದ್ದರೂ 2018ರ ಮಳೆ ನೋಡಿದ ಮೇಲೆ ಗುಡ್ಡಕ್ಕೆ ಜೆಸಿಬಿ ತರಿಸಿ ಅನ್ನಲು ನನಗೆ ಧೈರ್ಯ ಇಲ್ಲ.

ಚಿಕ್ಕದು ಆಗಬಹುದು. ಮೇಲೆ ಹೇಳಿದ ಬ್ರಂಟ್ಸ್‌ಫೀಲ್ಡ್ ಮೈದಾನದಲ್ಲಿ ಈಗಲೂ ಬೇಸಿಗೆಯಲ್ಲಿ 36 ಗಿಡ್ಡ ಹೋಲ್‌ಗಳಿವೆ. ಶುಲ್ಕ ಇಲ್ಲ. ಒಂದೆರಡು ಕೋಲು, ಚೆಂಡು ತಂದರೆ ಆಯಿತು. ನಾನು ನೋಡಿದ ದಿನ ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳಿಕೊಡುತ್ತಿದ್ದರು, ಪಕ್ಕದಲ್ಲೇ ಯಾರೋ ಬುತ್ತಿ ಬಿಚ್ಚಿ ಕೂತಿದ್ದರು. ಅಂಥದಕ್ಕೆ ಒಂದು ಹಳೆ ಶಾಲೆ ಮೈದಾನ, ಹುಲ್ಲು ಕತ್ತರಿಸಲು ಒಬ್ಬ ಆಳು ಸಾಕು. ಮಳೆಗಾಲದ ನಾಲ್ಕು ತಿಂಗಳು ರಜೆ. ಹೋಲ್ ಅಗಲ 4.25 ಇಂಚು ಇರಬೇಕು ಅನ್ನುತ್ತದೆ ನಿಯಮ. ನಾವು ಲೈನಿನ ಹುಡುಗರು ಹಾಲಿನ ಪುಡಿ ಡಬ್ಬ ಹೂಳುತ್ತಿದ್ದೆವು. ಅದು ಸ್ವಲ್ಪ ಜಾಸ್ತಿಯೇ ಅಗಲ. ಯಾರೂ ತಕರಾರು ಮಾಡಲಿಲ್ಲ.