ಅಡಿಟಿಪ್ಪಣಿಯಲ್ಲಿ ಸೇರಿಕೊಂಡ ಎರಡು ಪದ

‘ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಸೌಂದರ್ಯಮೀಮಾಂಸೆಯಲ್ಲಿ ಸಂಶೋಧನೆ ಮಾಡ್ತೀವಿ ಅಂದ್ರೆ ಏನು ಮಾಡ್ತಾರೆ? ಹಳೇ ಪುಸ್ತಕ ಓದೋದೇ ಸಂಶೋಧನೆಯಾ?’ ಎಂದು ಕೇಳಿದ್ದೀರಿ.

ಬಹುಪಾಲು ಓದುವುದೇ. ಆದರೆ ಹೇಗೆ ಓದುತ್ತೇವೆ ಅನ್ನುವುದರಲ್ಲಿದೆ ವಿಷಯ. ಇದನ್ನೇ ಪಾಠ ಮಾಡುವವನಾಗಿ, ನನಗೆ ತುಂಬ ಪ್ರಿಯವಾದ ಒಂದು ಉದಾಹರಣೆ ಹೇಳುತ್ತೇನೆ.

ಸೌಂದರ್ಯಮೀಮಾಂಸೆಗೆ ‘ಈಸ್ಥೆಟಿಕ್ಸ್’ ಎಂಬ ಹೆಸರನ್ನು 1735ರಲ್ಲಿ ಬಳಕೆಗೆ ತಂದವನು ಜರ್ಮನಿಯ ತತ್ತ್ವಜ್ಞಾನಿ ಬೌಮ್‌ಗಾರ್ಟನ್. ಇಂದ್ರಿಯಗಳ ಅರಿವನ್ನು ಸೂಚಿಸುವ ಗ್ರೀಕ್ ಪದದಿಂದ ಅದನ್ನು ಕಟ್ಟಿದ. ಅದೇ ಶತಮಾನದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ದಶಕಗಳ ಕಾಲ ಪಾಠಕ್ಕೆ ಇಟ್ಟುಕೊಂಡಿದ್ದದ್ದು ಇವನದೇ ತತ್ತ್ವಮೀಮಾಂಸೆಯ ಗ್ರಂಥವನ್ನು. ಹಾಗಿದ್ದೂ 1781ರ ‘ಶುದ್ಧ ವಿಚಾರದ ವಿಮರ್ಶೆ’ಯ ಒಂದು ಅಡಿಟಿಪ್ಪಣಿಯಲ್ಲಿ, ಸೌಂದರ್ಯದ ವಿಮರ್ಶೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸುವ ಬೌಮ್‌ಗಾರ್ಟನ್‌ನ ಪ್ರಯತ್ನ ವ್ಯರ್ಥ ಅಂದುಬಿಟ್ಟ. ಸೌಂದರ್ಯವನ್ನು ಅಳೆಯುವ ನಿಯಮಗಳ ಮೂಲ ಬರೀ ಅನುಭವ, ಅನುಭವಪೂರ್ವ (ಅಂದರೆ ಅನುಭವವನ್ನು ಆಧರಿಸದ) ನಿಯಮಗಳಾಗಿ ಅವು ನಿಲ್ಲಲಾರವು ಎಂಬುದು ಕಾಂಟ್ ಕೊಟ್ಟ ಕಾರಣ.

1787ರಲ್ಲಿ ಎರಡನೇ ಆವೃತ್ತಿ ಬಂತು. ಟಿಪ್ಪಣಿ ಹಾಗೇ ಇದೆ ಅನಿಸುತ್ತದೆ. ಹತ್ತಿರದಿಂದ ನೋಡಿದರೆ ‘ಮೂಲ’ ಇದ್ದಲ್ಲಿ ‘ಪ್ರಮುಖ ಮೂಲ’ ಎಂದಿದೆ, ‘ಅನುಭವಪೂರ್ವ ನಿಯಮ’ದ ಹಿಂದೆ ‘ನಿರ್ದಿಷ್ಟ’ ಎಂಬ ಮಾತು ಸೇರಿದೆ. ಎರಡನ್ನೂ ಮೊದಲ ಸಲ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಹಾಕಿದ್ದ ಬಾಗಿಲನ್ನು ಅವನೇ ಒಂದು ಬೆರಳಿನಷ್ಟು ತೆರೆದಿದ್ದ! ಅದೇ ಡಿಸೆಂಬರಿನಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ರೈನ್‌ಹೋಲ್ಡ್‌ಗೆ ಬರೆದ ಪತ್ರದಲ್ಲಿ, ಅಭಿರುಚಿಗೂ ಅನುಭವಪೂರ್ವವಾದ ಒಂದು ತತ್ತ್ವ ಸಿಕ್ಕಿತು ಎನ್ನುತ್ತಾನೆ. 1790ರಲ್ಲಿ, ಸೌಂದರ್ಯದ ತೀರ್ಮಾನಗಳನ್ನು ಚರ್ಚಿಸುವ ಅವನ ಮೂರನೇ ‘ವಿಮರ್ಶೆ’ ಅಚ್ಚಾಯಿತು.

ಈ ನಡುವೆ ಅವನ ತಲೆಯಲ್ಲಿ ಏನಾಯಿತು ಎಂದು ಹುಡುಕುವುದು ನಮ್ಮ ಕೆಲಸ. ಉಪನ್ಯಾಸದ ಟಿಪ್ಪಣಿ, ಪತ್ರ, ಸಮಕಾಲೀನರ ಪುಸ್ತಕ, ಎಲ್ಲವನ್ನೂ ಜಾಲಾಡಬೇಕು.

ಇದು ಬರೀ ಇತಿಹಾಸ ಅಂತ ನನಗೆ ಅನಿಸುವುದಿಲ್ಲ. ಈ ವೈನ್ ಹಿತವಾಗಿದೆ ಅಂದವನನ್ನು ‘ನಿನಗೆ ಹಿತ ಅನ್ನು’ ಎಂದು ಯಾರಾದರೂ ತಿದ್ದಿದರೆ ಅವನು ಒಪ್ಪಿಕೊಳ್ಳುತ್ತಾನೆ, ಇದು ಕಾಂಟ್ ಕೊಡುವ ನಿದರ್ಶನ. ಆದರೆ ಒಂದು ಕವಿತೆ ಚೆಲುವಾಗಿದೆ ಅಂದಾಗ ‘ನನಗೆ’ ಎಂದು ಸೇರಿಸಿದರೆ ಮಾತೇ ಕೆಡುತ್ತದೆ. ಬೇರೆಯವರೂ ಒಪ್ಪಬೇಕು ಎಂಬ ಬೇಡಿಕೆ ಅದರೊಳಗೇ ಇದೆ. ಆ ಬೇಡಿಕೆಗೆ ಏನು ಹಕ್ಕು? ಇಂದಿಗೂ ನಮ್ಮ ತರಗತಿಗಳಲ್ಲಿ ಜಗಳ ಇದರ ಮೇಲೇ. ಸೇರಿಸಿದ ಆ ಎರಡು ಪದ ಗಮನಿಸದಿದ್ದರೆ, ಈ ಪ್ರಶ್ನೆ ಅವನಿಗೆ ಎಷ್ಟು ಕಷ್ಟಪಟ್ಟು ಸಿಕ್ಕಿತು ಅನ್ನುವುದು ತಿಳಿಯುವುದಿಲ್ಲ.

ನೀವೇ ನೋಡಬೇಕೆಂದರೆ, ಒಳ್ಳೆಯ ಅನುವಾದಗಳ ಅಂಚಿನಲ್ಲಿ ಎರಡೂ ಆವೃತ್ತಿಗಳ ಪುಟಸಂಖ್ಯೆ ಇರುತ್ತದೆ. ಎ 21 (ಮೊದಲ ಆವೃತ್ತಿ), ಬಿ 35 (ಎರಡನೆಯದು) ಹುಡುಕಿ.