ಮದುವೆ ತೋರಿಸದ ಮದುವೆ ಸಿನಿಮಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜಪಾನಿನ ಹಳೆಯ ಕೌಟುಂಬಿಕ ಚಿತ್ರಗಳ ಬಗ್ಗೆ ಉತ್ತರ ಕನ್ನಡದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಜಪಾನಿನ ನಿರ್ದೇಶಕ ಯಾಸುಜಿರೊ ಓಝು ಅವರ ‘ಲೇಟ್ ಸ್ಪ್ರಿಂಗ್’ ನೋಡಿದೆವು. ಮಗಳ ಮದುವೆಯ ಕಥೆ ಅಂತ ಕೂತರೆ ಮದುವೆಯೂ ಇಲ್ಲ, ಮದುಮಗನ ಮುಖವೂ ಇಲ್ಲ. ನಮಗೆ ಸಿಕ್ಕ ಪ್ರತಿಯಲ್ಲಿ ಏನಾದರೂ ಕತ್ತರಿಸಿದ್ದಾರೆಯೇ? (ಶಿರಸಿ)

ಇಲ್ಲ, ಏನೂ ಕತ್ತರಿಸಿಲ್ಲ. 1949ರ ಈ ಚಿತ್ರ 108 ನಿಮಿಷದ್ದು. ನಿಮ್ಮ ಪ್ರತಿ ಅಷ್ಟು ಉದ್ದವಿದ್ದರೆ ಪೂರ್ತಿ ಇದೆ ಎಂದೇ ತಿಳಿಯಿರಿ. ಮದುಮಗನನ್ನು ಒಮ್ಮೆಯೂ ತೋರಿಸುವುದಿಲ್ಲ. ನೋಡಲು ಹಾಲಿವುಡ್ ನಟ ಗ್ಯಾರಿ ಕೂಪರ್ ಥರ ಇದ್ದಾನೆ ಎಂಬ ಮಾತಷ್ಟೇ ಬರುತ್ತದೆ. ಮದುವೆಯ ದಿನ ಮಗಳು ನೊರಿಕೊ ಸಿಂಗಾರವಾಗಿ ಅಪ್ಪನ ಮುಂದೆ ಬಾಗುತ್ತಾಳೆ, ಎಲ್ಲರೂ ಹೊರಡುತ್ತಾರೆ. ಕ್ಯಾಮೆರಾ ಅವರ ಹಿಂದೆ ಹೋಗುವುದಿಲ್ಲ, ಕನ್ನಡಿ ಮತ್ತು ಅದರ ಮುಂದಿನ ಮಣೆ ಇರುವ ಖಾಲಿ ಕೋಣೆಯಲ್ಲೇ ಉಳಿಯುತ್ತದೆ. ಮುಂದಿನ ದೃಶ್ಯಕ್ಕೆ ಬರುವಾಗ ಮದುವೆ ಮುಗಿದೇ ಹೋಗಿರುತ್ತದೆ.

ಓಝು ಕಥೆಯನ್ನು ಹೀಗೇ ಕಟ್ಟುತ್ತಾರೆ. ದೊಡ್ಡ ಸಂಗತಿ ತೆರೆಯ ಹೊರಗೆ ನಡೆಯುತ್ತದೆ, ಅದರ ಮುಂಚಿನದು ಮತ್ತು ಆಮೇಲಿನದು ಮಾತ್ರ ನಮಗೆ ಕಾಣುತ್ತದೆ. ಮದುವೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಮಗಳು ಹೋದ ಮೇಲೆ ಮನೆ ಹೇಗಿರುತ್ತದೆ ಎನ್ನುವುದೇ ಚಿತ್ರದ ವಿಷಯ. ತಾನು ಮರುಮದುವೆ ಆಗುತ್ತೇನೆಂದು ಅಪ್ಪ ಹೇಳಿದ್ದು ಮಗಳನ್ನು ಒಪ್ಪಿಸಲು ಹೇಳಿದ ಸುಳ್ಳು ಎಂಬುದೂ ಮದುವೆ ಮುಗಿದ ಮೇಲೆಯೇ, ಮಗಳ ಗೆಳತಿಯ ಎದುರು ಹೊರಬರುತ್ತದೆ. ಆಮೇಲೆ ಅವನು ಮನೆಗೆ ಬಂದು ಒಬ್ಬನೇ ಕೂತು ಸೇಬಿನ ಸಿಪ್ಪೆ ತೆಗೆಯುತ್ತಾನೆ. ಸಿಪ್ಪೆ ಉದ್ದಕ್ಕೆ ಇಳಿದು ಬೀಳುತ್ತದೆ, ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಚಿಶು ರ್‍ಯೂ ಎಂಬ ನಟ ಅಲ್ಲಿ ಅಷ್ಟನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ.

ಎರಡನೇ ಸಲ ನೋಡುವಾಗ ಕಥೆ ಬಿಟ್ಟು ಮನೆಯನ್ನೇ ಗಮನಿಸಿ: ಮಾಡಿಯ ಮೇಲೆ ಯಾರು ಇರುತ್ತಾರೆ, ಅಪ್ಪ ಮನೆಗೆ ಬಂದಾಗ ಬಟ್ಟೆ ತೆಗೆದಿಡುವವರು ಯಾರು, ಚಹಾ ಯಾರು ತರುತ್ತಾರೆ. ಕೊನೆಯ ದೃಶ್ಯದ ಭಾರವೆಲ್ಲ ಅದರಿಂದಲೇ ಬರುತ್ತದೆ.

ಓಝು ಚಿತ್ರಗಳಲ್ಲಿ ಕ್ಯಾಮೆರಾ ಯಾಕೆ ಅಷ್ಟು ಕೆಳಗೆ? ನೆಲದ ಮೇಲೆ ಕೂರುವ ಜನ ಎಂಬ ಕಾರಣಕ್ಕೋ? (ಕುಮಟಾ)

ಕೂತವರ ಕಣ್ಣಿನ ಎತ್ತರ ಎಂದೇ ಎಲ್ಲ ಕಡೆ ಬರೆದಿರುತ್ತಾರೆ. ಅದು ಅರ್ಧ ಮಾತ್ರ ಸರಿ. ಚಾಪೆಯ ಮೇಲೆ ಮಂಡಿಯೂರಿ ಕೂತವರ ಕಣ್ಣಿಗಿಂತಲೂ ಎಷ್ಟೋ ಸಲ ಕ್ಯಾಮೆರಾ ಕೆಳಗಿರುತ್ತದೆ. ಕುರ್ಚಿ ಇರುವ ಆಫೀಸಿನಲ್ಲಿ, ಬಾರಿನಲ್ಲಿ, ಜನ ನಿಂತಿರುವ ಬೀದಿಯಲ್ಲೂ ಕೆಳಗೇ ಇರುತ್ತದೆ. ಅಂದರೆ ಅದು ಕೂರುವ ಪದ್ಧತಿಯ ನಕಲಲ್ಲ. ಎದುರಿಗಿರುವುದು ಎಷ್ಟು ಎತ್ತರವೋ ಅದಕ್ಕಿಂತ ತುಸು ಕೆಳಗೆ ಎಂಬುದು ಅವರು ಪಾಲಿಸಿದ ಲೆಕ್ಕ. ಲೆನ್ಸ್ ಕೂಡ ಸಾಮಾನ್ಯವಾಗಿ ಒಂದೇ, 50 ಮಿಲಿಮೀಟರಿನದು. ಯುದ್ಧಾನಂತರ ಶೋಚಿಕು ಸ್ಟುಡಿಯೋಗೆ ಮಾಡಿದ ಚಿತ್ರಗಳಲ್ಲಿ ಛಾಯಾಗ್ರಾಹಕ ಯೂಹಾರು ಅತ್ಸುತಾ ಕೈಯಲ್ಲಿ ಇದೇ ಕ್ರಮ ಗಟ್ಟಿಯಾಯಿತು.

ಇದರಿಂದ ಆಗುವುದೇನು? ನೆಲ ಕಿರಿದಾಗಿ ಕಾಣುತ್ತದೆ, ಬಾಗಿಲ ಚೌಕಟ್ಟುಗಳ ನೇರ ಗೆರೆ ಎದ್ದು ಕಾಣುತ್ತದೆ, ಮುಂದಿರುವ ಕೆಟಲ್, ಬಾಟಲಿ ಮನುಷ್ಯರಷ್ಟೇ ತೂಕ ಪಡೆಯುತ್ತವೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗಲಿಯ ಮೇಲೆ ಕೂತರೆ ಒಂದರ ಹಿಂದೊಂದು ಬಾಗಿಲು ಹಾದು ಹಿತ್ತಿಲ ಬೆಳಕಿನವರೆಗೆ ಕಣ್ಣು ಹೋಗುತ್ತದಲ್ಲ, ಅವರ ಜಾರುಬಾಗಿಲುಗಳ ಸಾಲೂ ಹಾಗೆಯೇ. ಯಾವುದೋ ಕೋಣೆಯಿಂದ ಬಂದವರು ಯಾವುದೋ ಕೋಣೆಗೆ ದಾಟುವುದು ಆ ಸಾಲಿನಲ್ಲಿ ಕಾಣುತ್ತದೆ. ಮೇಲಿನಿಂದ ನೋಡಿದ್ದರೆ ಈ ಪದರಗಳೆಲ್ಲ ಒಂದರ ಮೇಲೊಂದು ಕೂತು ಮುಚ್ಚಿಹೋಗುತ್ತಿದ್ದವು.

ಕ್ಯಾಮೆರಾ ಎತ್ತರಕ್ಕಿಂತಲೂ ಕಡಿಮೆ ಚರ್ಚೆಯಾದದ್ದು ನೋಟದ ದಿಕ್ಕು. ಇಬ್ಬರು ಮಾತಾಡುವಾಗ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ನೋಡುವಂತೆ ಚಿತ್ರೀಕರಿಸುವುದು ಎಲ್ಲರೂ ಒಪ್ಪಿದ ನಿಯಮ. ಓಝು ಅದನ್ನು ಬೇಕೆಂದೇ ಮುರಿಯುತ್ತಾರೆ. ಇಬ್ಬರೂ ಒಂದೇ ಕಡೆಗೆ, ಲೆನ್ಸಿನ ತೀರಾ ಪಕ್ಕಕ್ಕೆ ನೋಡುತ್ತಾರೆ. ಪರೀಕ್ಷಿಸುವುದು ಸುಲಭ. ಮಾತುಕತೆಯ ದೃಶ್ಯವೊಂದನ್ನು ನಿಲ್ಲಿಸಿ, ಮೂಗು ಇರುವಲ್ಲಿ ಟಿವಿಯ ಮೇಲೆ ಸಣ್ಣ ಚೀಟಿ ಅಂಟಿಸಿ, ಮುಂದಿನ ಮುಖ ಬರುವವರೆಗೆ ಓಡಿಸಿ. ಹೆಚ್ಚಿನ ಸಲ ಆ ಮೂಗೂ ಚೀಟಿಯ ಆಸುಪಾಸಿನಲ್ಲೇ ಬಂದು ಕೂರುತ್ತದೆ. ಮುಖಗಳು ಒಂದೇ ಜಾಗದಲ್ಲಿ ಅದಲುಬದಲಾಗುವುದರಿಂದ ಕಣ್ಣಿಗೆ ಜಗ್ಗಾಟವಿಲ್ಲ. ನೀವು ಅನುಭವಿಸುವ ನಿಶ್ಶಬ್ದದಲ್ಲಿ ದೊಡ್ಡ ಪಾಲು ಇದರದ್ದು. ಚೌಕಟ್ಟು ಸರಿಹೊಂದಲೆಂದು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಬಟ್ಟಲು, ಬಾಟಲಿಗಳ ಜಾಗವನ್ನೂ ಅವರು ಬದಲಿಸುತ್ತಿದ್ದರು. ಮೇಜಿನ ಮೇಲಿನ ವಸ್ತು ಸರಿದದ್ದು ಕಂಡರೆ ಅದನ್ನು ತಪ್ಪೆಂದು ಎಣಿಸಬೇಡಿ.

1958ರ ‘ಈಕ್ವಿನಾಕ್ಸ್ ಫ್ಲವರ್’ ಅವರ ಮೊದಲ ಬಣ್ಣದ ಚಿತ್ರ. ಕೆಂಪು ಚೆನ್ನಾಗಿ ಮೂಡುತ್ತದೆಂದು ಆಗ್ಫಾ ಫಿಲ್ಮ್ ಆರಿಸಿಕೊಂಡರು. ಅದರಲ್ಲಿರುವ ಕೆಂಪು ಕೆಟಲ್ ಎಲ್ಲೆಲ್ಲಿ ಬರುತ್ತದೆಂದು ನೋಡುತ್ತ ಹೋಗುವುದೇ ಒಂದು ಸುಖ.

ನಮ್ಮ ಸೀಮೆಯಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇರುವುದು ಅಜ್ಜ, ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ. ಊರಿನ ಹಿರಿಯರಿಗೆ ‘ಟೋಕಿಯೋ ಸ್ಟೋರಿ’ ತೋರಿಸಬೇಕೆಂದಿದ್ದೇವೆ. ಮನಸ್ಸಿಗೆ ಹಚ್ಚಿಕೊಂಡು ಬಿಟ್ಟಾರೆಂಬ ಅಂಜಿಕೆ. (ಯಲ್ಲಾಪುರ)

ಧೈರ್ಯವಾಗಿ ತೋರಿಸಿ. ಆದರೆ ‘ಹೆತ್ತವರನ್ನು ಕಡೆಗಣಿಸುವ ಮಕ್ಕಳ ಕಥೆ’ ಎಂದು ಮೊದಲೇ ಹೇಳಬೇಡಿ. ಹೇಳಿದರೆ ಸಭೆ ಮಕ್ಕಳನ್ನು ಬೈಯುವುದಕ್ಕೇ ನೋಡುತ್ತದೆ. ಮಕ್ಕಳನ್ನು ನೋಡಲು ಊರಿನಿಂದ ಟೋಕಿಯೋಗೆ ಬರುವ ಹಿರಿಯ ದಂಪತಿಯ ಕಥೆಯಾದ, 1953ರ ಈ ಓಝು ಚಿತ್ರದಲ್ಲಿ ಕೆಟ್ಟವರು ಯಾರೂ ಇಲ್ಲ. ದೊಡ್ಡ ಮಗ ಕೊಇಚಿ ಬಡಾವಣೆಯ ಡಾಕ್ಟರು. ಅಪ್ಪ ಅಮ್ಮನನ್ನು ಊರು ತೋರಿಸಲು ಕರೆದೊಯ್ಯಬೇಕೆನ್ನುವಾಗಲೇ ರೋಗಿಯ ಮನೆಯಿಂದ ಕರೆ ಬರುತ್ತದೆ. ಮಗಳು ಶಿಗೆ ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಜಾಗವೂ ಇಲ್ಲ, ಬಿಡುವೂ ಇಲ್ಲ. ತಾಯಿಯ ಕಾಯಿಲೆಯ ಸುದ್ದಿ ಬಂದಾಗ ಸೂತಕದ ಬಟ್ಟೆ ತೆಗೆದುಕೊಂಡು ಹೋಗಬೇಕೋ ಎಂದು ಅವಳು ವಿಚಾರಿಸುತ್ತಾಳೆ. ಅಂತ್ಯಕ್ರಿಯೆ ಮುಗಿದ ಕೂಡಲೇ ತಾಯಿಯ ಸೀರೆಯಂಥ ಉಡುಪುಗಳಲ್ಲಿ ತನಗೆ ಯಾವುದು ಬೇಕೆಂದು ಕೇಳುತ್ತಾಳೆ. ಶಿಗೆಯ ಪಾತ್ರದ ನಟಿ ಹರುಕೊ ಸುಗಿಮುರಾ ಇದನ್ನು ಎಷ್ಟು ಸಹಜವಾಗಿ ಮಾಡುತ್ತಾರೆಂದರೆ ಸಿಟ್ಟಿನ ಜೊತೆಗೇ ಗುರುತೂ ಸಿಗುತ್ತದೆ.

ಹೊಸಬರಿಗೆ ತೊಡಕಾಗುವುದು ಸಂಬಂಧಗಳು. ಪ್ರದರ್ಶನಕ್ಕೆ ಮೊದಲು ಕರಿಹಲಗೆಯ ಮೇಲೆ ಬರೆದಿಡಿ: ಒನೊಮಿಚಿ ಎಂಬ ಬಂದರು ಊರಿನ ಹಿರಿಯ ದಂಪತಿ ಶುಕಿಚಿ, ತೊಮಿ. ಮಕ್ಕಳು ಟೋಕಿಯೋದಲ್ಲಿ ಕೊಇಚಿ ಮತ್ತು ಶಿಗೆ, ಒಸಾಕಾದಲ್ಲಿ ಕೆಯ್‌ಝೊ, ಮನೆಯಲ್ಲೇ ಇರುವ ಕಿರಿಯವಳು ಶಿಕ್ಷಕಿ ಕ್ಯೊಕೊ. ಇನ್ನೊಬ್ಬ ಮಗ ಶೊಜಿ ಯುದ್ಧದಲ್ಲಿ ಸತ್ತವನು, ಫೋಟೋದಲ್ಲಿ ಮಾತ್ರ ಬರುತ್ತಾನೆ. ಅವನ ಹೆಂಡತಿ ನೊರಿಕೊ, ಅಂದರೆ ಸೊಸೆ. ಈ ಶೊಜಿಯ ವಿಷಯ ಗೊತ್ತಿಲ್ಲದವರು ನೊರಿಕೊಳನ್ನು ಮಗಳೆಂದೇ ತಿಳಿದು ಅರ್ಧ ಚಿತ್ರ ಕಳೆಯುತ್ತಾರೆ. ರಕ್ತಸಂಬಂಧವಿಲ್ಲದ ಅವಳೇ ಒಂದು ದಿನ ರಜೆ ಹಾಕಿ ಅತ್ತೆ ಮಾವನನ್ನು ಸುತ್ತಾಡಿಸುತ್ತಾಳೆ, ತನ್ನ ಒಂದೇ ಕೋಣೆಯ ಮನೆಗೆ ಕರೆತಂದು ಪಕ್ಕದ ಮನೆಯಿಂದ ಸಾಕೆ ಮದ್ಯವನ್ನು ಕೇಳಿ ತಂದು ಮಾವನಿಗೆ ಕೊಡುತ್ತಾಳೆ. ನೊರಿಕೊ ಪಾತ್ರದ ನಟಿ ಸೆತ್ಸುಕೊ ಹಾರಾ ಅವರ ನಗುವಿನ ಹಿಂದೆ ಏನಿದೆ ಎಂಬುದು ಕೊನೆಯವರೆಗೂ ಪೂರ್ತಿ ಬಿಟ್ಟುಕೊಡದ ಗುಟ್ಟು.

‘ಲೇಟ್ ಸ್ಪ್ರಿಂಗ್’ನ ಮದುವೆಯಂತೆ ಇಲ್ಲಿ ಟೋಕಿಯೋಗೆ ಹೋಗುವ ಪ್ರಯಾಣವನ್ನೂ ತೋರಿಸುವುದಿಲ್ಲ. ಮೊದಲ ದೃಶ್ಯದಲ್ಲಿ ಸಾಮಾನು ಕಟ್ಟುತ್ತ ಗಾಳಿದಿಂಬು ನಿನ್ನ ಹತ್ತಿರವೇ ಇರಬೇಕು ಎಂದು ಗಂಡ, ಇಲ್ಲ ಎಂದು ಹೆಂಡತಿ. ಕಡೆಗೆ ಅದು ಸಿಗುವುದು ಅವನ ಸಾಮಾನಿನಲ್ಲೇ. ಮುಂದಿನ ಶಾಟ್ ಟೋಕಿಯೋದ ಹೊಗೆ ಕೊಳವೆಗಳು. ಮಕ್ಕಳು ಹಣ ಹಾಕಿ ಅವರನ್ನು ಅಟಾಮಿಯ ಬಿಸಿನೀರ ಬುಗ್ಗೆಯ ಊರಿಗೆ ಕಳಿಸುತ್ತಾರೆ. ರಾತ್ರಿಯಿಡೀ ಆಟದವರ ಗದ್ದಲ, ನಿದ್ದೆಯಿಲ್ಲ. ಬೆಳಿಗ್ಗೆ ಕಡಲ ದಂಡೆಯ ಕಟ್ಟೆಯಿಂದ ಏಳುವಾಗ ತೊಮಿಗೆ ಒಂದು ಕ್ಷಣ ತಲೆ ತಿರುಗುತ್ತದೆ. ಕಥೆ ತಿರುಗುವುದು ಅಲ್ಲಿ, ಸಂಗೀತದ ಒತ್ತು ಇಲ್ಲದೆ. ಆ ಹೊತ್ತಿಗೆ ಯಾರಾದರೂ ಚಹಾ ಹಂಚುತ್ತಿದ್ದರೆ ಸಭೆಗೆ ಅದು ತಪ್ಪಿಹೋಗುತ್ತದೆ. ಚಿತ್ರ 136 ನಿಮಿಷ ಇರುವುದರಿಂದ ಹಿರಿಯರಿಗೆ ವಿರಾಮ ಬೇಕೇ ಬೇಕು. ಈ ದಂಡೆಯ ದೃಶ್ಯ ಮುಗಿದ ಮೇಲೆ ಹತ್ತು ನಿಮಿಷ ಕೊಡಿ, ಅದಕ್ಕೆ ಮೊದಲು ಬೇಡ.

ಮುಗಿದ ಕೂಡಲೇ ‘ಹೇಗನಿಸಿತು?’ ಎಂದು ಮೈಕ್ ಹಿಡಿಯುವುದೂ ಬೇಡ. ದೀಪವನ್ನು ತಡವಾಗಿ ಹಾಕಿ. ಮಾತಾಡಬೇಕೆನಿಸಿದವರು ತಾವಾಗಿ ಮಾತಾಡುತ್ತಾರೆ, ಅದೂ ಸಾಮಾನ್ಯವಾಗಿ ಶಿಗೆಯಿಂದ ಶುರುವಾಗಿ ನೊರಿಕೊಗೆ ಬರುತ್ತದೆ.

ನಮ್ಮ ಟಿವಿಯಲ್ಲಿ ಈ ಚಿತ್ರಗಳ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ತುಂಬಿಸಿದರೆ ಮುಖ ದಪ್ಪ. ಏನು ಮಾಡುವುದು? (ಕಾರವಾರ)

ಕಪ್ಪು ಪಟ್ಟಿ ಇರಲಿ, ಅದೇ ಸರಿ. ಓಝು ಅಗಲ ತೆರೆಯ ಚಿತ್ರ ಮಾಡಲೇ ಇಲ್ಲ. ಅವರ ಚೌಕಟ್ಟಿನಲ್ಲಿ ಎತ್ತರ 1 ಇದ್ದರೆ ಅಗಲ 1.37. ಈಗಿನ ಟಿವಿಯಲ್ಲಿ ಅಗಲ 1.78. ಎಳೆದು ತುಂಬಿಸಿದರೆ ಎಲ್ಲವೂ ಸುಮಾರು ಶೇ. 30ರಷ್ಟು ಅಡ್ಡಕ್ಕೆ ಹಿಗ್ಗುತ್ತದೆ. ಝೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಸುಮಾರು ಕಾಲು ಭಾಗ ಕತ್ತರಿಸಿ ಹೋಗುತ್ತದೆ, ಜೊತೆಗೆ ಮೇಲೆ ಹೇಳಿದ ನೆಲ, ಬಾಗಿಲ ಚೌಕಟ್ಟು ಎಲ್ಲವೂ. ಟಿವಿಯ ಚಿತ್ರದ ಅಳತೆಯನ್ನು ‘ಒರಿಜಿನಲ್’ ಅಥವಾ 4:3ಕ್ಕೆ ಇಡಿ. ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್ ಅನ್ನು ಕಡ್ಡಾಯವಾಗಿ ಆಫ್ ಮಾಡಿ. ಅದು ಸೆಕೆಂಡಿಗೆ 24 ಚೌಕಟ್ಟಿನ ಚಿತ್ರದ ನಡುವೆ ಇಲ್ಲದ ಚೌಕಟ್ಟು ತುರುಕಿ ಹಳೆಯ ಸಿನಿಮಾವನ್ನು ಧಾರಾವಾಹಿಯಂತೆ ಮಾಡುತ್ತದೆ. ‘ಸಿನಿಮಾ’ ಮೋಡ್ ಇದ್ದರೆ ಅದೇ ಸಾಕು. ಪ್ರೊಜೆಕ್ಟರ್ ಆದರೆ 90 ಸೆಂ.ಮೀ. ಎತ್ತರದ ಚಿತ್ರಕ್ಕೆ 123 ಸೆಂ.ಮೀ. ಅಗಲ ಬರಬೇಕು. ಟೇಪ್ ಹಿಡಿದು ನೋಡಿ.

ಕನ್ನಡ ಸಬ್‌ಟೈಟಲ್ ಮಾಡಿದೆವು. ಕಂಪ್ಯೂಟರಿನಲ್ಲಿ ಸರಿ, ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಚೌಕ ಚೌಕ, ಒತ್ತಕ್ಷರ ಚೆಲ್ಲಾಪಿಲ್ಲಿ. (ಹೊನ್ನಾವರ)

ಎರಡು ಬೇರೆ ಬೇರೆ ತೊಂದರೆ. ಚೌಕ ಬಂದರೆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ವಿಚಿತ್ರ ಲ್ಯಾಟಿನ್ ಚಿಹ್ನೆ ಬಂದರೆ ಕಡತವನ್ನು ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಉಳಿಸುವ ಅಕ್ಷರ ಸಂಕೇತ ವಿಧಾನ) ಆಗಿ ಉಳಿಸಿಲ್ಲ. ಒತ್ತಕ್ಷರ ಬಿಡಿಬಿಡಿಯಾದರೆ ಅಕ್ಷರ ಜೋಡಿಸುವ ಸಾಮರ್ಥ್ಯವೇ ಅದಕ್ಕಿಲ್ಲ, ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಎಚ್‌ಡಿಎಂಐ ತಂತಿಯಿಂದ ಟಿವಿಗೆ ಕೊಡುವುದು ಸುಲಭ ದಾರಿ. ಇಲ್ಲವೇ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚಾಗುವಂತೆ ಮಾಡಿ. ಮೊದಲು ಎರಡು ನಿಮಿಷದ ತುಣುಕು ಮಾಡಿ ‘ಸ್ತ್ರೀ’, ‘ಕ್ಷಣ’, ‘ಅರ್ಧ’ ಇರುವ ಸಾಲು ಸರಿ ಬಂತೇ ನೋಡಿ.

ಒಂದು ಹೊತ್ತಿಗೆ ಎರಡೇ ಸಾಲು, ಸಾಲಿಗೆ 30–35 ಅಕ್ಷರ ದಾಟದಿರಲಿ. ಓಝು ಪಾತ್ರಗಳು ‘ಹೌದು’, ‘ಹಾಗೇನು’ ಎಂದು ಚಿಕ್ಕ ಚಿಕ್ಕದಾಗಿ ಮಾತಾಡುತ್ತವೆ, ಮಾತು ಮುಗಿದೊಡನೆ ಶಾಟ್ ಬದಲಾಗುತ್ತದೆ. ಸಾಲು ಮುಂದಿನ ಮುಖದ ಮೇಲೆ ಚಾಚಿಕೊಂಡರೆ ಯಾರ ಮಾತೆಂದು ತಿಳಿಯುವುದಿಲ್ಲ. ಜನ ಇಲ್ಲದ ಕಾಲುದಾರಿ, ಒಣಗಿಸಿದ ಬಟ್ಟೆಗಳ ಶಾಟ್‌ಗಳ ಮೇಲಂತೂ ಹಿಂದಿನ ದೃಶ್ಯದ ಅಕ್ಷರ ಒಂದೂ ಉಳಿಯಕೂಡದು.

ಓಝು ಬಿಟ್ಟರೆ ಯಾರು? ಮಕ್ಕಳಿಗೆ ಯಾವುದು? (ಅಂಕೋಲಾ)

ಮಿಕಿಯೊ ನರುಸೆ. ಅವರ ಮನೆಗಳಲ್ಲಿ ದುಡ್ಡಿನ ಚಿಂತೆ ಎದುರೇ ಕೂತಿರುತ್ತದೆ. 1951ರ ‘ಮೆಶಿ’ಯಿಂದ, ಅಥವಾ ಬಟ್ಟೆ ಒಗೆಯುವ ಅಂಗಡಿ ನಡೆಸುವ ತಾಯಿಯ ಕಥೆಯಾದ 1952ರ ‘ಮದರ್’ನಿಂದ ಶುರು ಮಾಡಿ. ಕೆಯ್ಸುಕೆ ಕಿನೋಶಿತಾ ಅವರ ‘ಟ್ವೆಂಟಿಫೋರ್ ಐಸ್’ (1954) ದ್ವೀಪದ ಶಾಲೆಯೊಂದರ ಶಿಕ್ಷಕಿ ಮತ್ತು ಹನ್ನೆರಡು ಮಕ್ಕಳ ಕಥೆ. ಕಡಲ ತಡಿಯ ಶಾಲೆಗಳ ಶಿಕ್ಷಕರು ನೋಡಲೇಬೇಕಾದದ್ದು, ಆದರೆ ಎರಡೂವರೆ ಗಂಟೆಗೂ ಹೆಚ್ಚು. ಮಕ್ಕಳಿಗೆ ಓಝು ಅವರ ‘ಗುಡ್ ಮಾರ್ನಿಂಗ್’ (1959) ಕೊಡಿ. ಟಿವಿ ಕೊಡಿಸಲಿಲ್ಲವೆಂದು ಮಾತು ಬಿಡುವ ಅಣ್ಣ ತಮ್ಮ, 94 ನಿಮಿಷ, ಹೂಸಿನ ನಗೆ ಬೇಕಾದಷ್ಟು.

ಜೂನ್‌ನಲ್ಲಿ ನಮ್ಮ ತಗಡಿನ ಮಾಡಿನ ಸಭಾಭವನದಲ್ಲಿ ಪ್ರದರ್ಶನ ಇಡಬಹುದೇ? (ಸಿದ್ದಾಪುರ)

ಬೇಡ. ಒನೊಮಿಚಿಯ ದೋಣಿ ಯಂತ್ರದ ಸದ್ದು, ಗಡಿಯಾರ, ಬೀಸಣಿಗೆ ಇವೆಲ್ಲ ಸಣ್ಣ ದನಿಯವು. ತಗಡಿನ ಮೇಲೆ ಮಳೆ ಹೊಡೆದರೆ ಒಂದೂ ಕೇಳಿಸದು, ಸ್ಪೀಕರ್ ಏರಿಸಿದರೆ ಹಳೆಯ ಧ್ವನಿಪಟ್ಟಿಯ ಕರಕರ ಏರುತ್ತದೆ. ನವೆಂಬರ್ ನಂತರ ಇಡಿ. ಈಗಲೇ ತೋರಿಸಲೇಬೇಕೆಂದರೆ ಹೆಂಚಿನ ಮನೆಯ ಒಳಕೋಣೆಯಲ್ಲಿ, ಹದಿನೈದು ಇಪ್ಪತ್ತು ಜನರಿಗೆ, ಸ್ಪೀಕರನ್ನು ತೆರೆಯ ಕೆಳಗೇ ಇಟ್ಟು ತೋರಿಸಿ. ಕರೆಂಟು ಹೋದರೆಂದು ಪ್ರೊಜೆಕ್ಟರಿಗೂ ಲ್ಯಾಪ್‌ಟಾಪ್‌ಗೂ ಸಾಕಾಗುವ ಇನ್ವರ್ಟರ್ ಜೋಡಿಸಿಕೊಳ್ಳಿ.