ಹೀತ್‌ಕ್ಲಿಫ್ ಆ ಮೂರು ವರ್ಷ ಎಲ್ಲಿದ್ದ?

ಪ್ರಶ್ನೆ: ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಓದಿ ಮುಗಿಸಿದೆ. ಬರಿಗೈಯಲ್ಲಿ ಮನೆ ಬಿಟ್ಟ ಹೀತ್‌ಕ್ಲಿಫ್ ಮೂರು ವರ್ಷ ಬಿಟ್ಟು ಸಾಹುಕಾರನಾಗಿ ವಾಪಸ್ ಬರುತ್ತಾನೆ. ದುಡ್ಡು ಎಲ್ಲಿಂದ ಬಂತು? ಅಸಲಿಗೆ ಅವನು ಯಾರ ಮಗ? ನಾನೇ ಯಾವುದೋ ಪುಟ ಹಾರಿಸಿಬಿಟ್ಟೆನಾ?
– ಓದುಗಿ, ಶಿವಮೊಗ್ಗ

ಉತ್ತರ: ಹಾರಿಸಿಲ್ಲ ಬಿಡಿ. 1847ರಲ್ಲಿ ಪುಸ್ತಕ ಬಂತು, ಇವತ್ತಿಗೂ ಜನ ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ತಮಾಷೆ ಅಂದರೆ ನಿಮ್ಮ ಪ್ರಶ್ನೆಯನ್ನು ಪುಸ್ತಕದೊಳಗೇ ಒಬ್ಬ ಕೇಳಿದ್ದಾನೆ. ಬಾಡಿಗೆಗೆ ಬಂದ ಲಾಕ್‌ವುಡ್, ಕಥೆ ಹೇಳುತ್ತಿರುವ ನೆಲ್ಲಿಯನ್ನು ತಡೆದು, ಅವನೇನು ಯುರೋಪಿಗೆ ಹೋಗಿ ಓದಿಕೊಂಡನಾ, ಅಮೆರಿಕಕ್ಕೆ ಓಡಿದನಾ, ಇಲ್ಲಾ ಹೆದ್ದಾರಿಯಲ್ಲಿ ದರೋಡೆ ಮಾಡಿದನಾ ಅಂತ ವಿಚಾರಿಸುತ್ತಾನೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿರಬಹುದು, ನನಗಂತೂ ಗೊತ್ತಿಲ್ಲ ಅನ್ನುತ್ತಾಳೆ ನೆಲ್ಲಿ. ಅವಳು ಮನೆಕೆಲಸಕ್ಕಿದ್ದವಳು, ಕಣ್ಣಿಗೆ ಬಿದ್ದದ್ದು ಕಿವಿಗೆ ಬಿದ್ದದ್ದು ಬಿಟ್ಟು ಬೇರೆ ಹೇಗೆ ಗೊತ್ತಾಗಬೇಕು? ವಾಪಸ್ ಬಂದವನು ನೆಟ್ಟಗೆ ನಿಂತದ್ದು ನೋಡಿ, ಸೈನ್ಯದಲ್ಲಿದ್ದನೇನೋ ಅಂದುಕೊಳ್ಳುತ್ತಾಳೆ, ಅಷ್ಟೇ.

ಹುಟ್ಟಿನ ಕಥೆಯೂ ಹೀಗೇ. ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಹುಡುಗ. ಸಾಕಿಕೊಂಡ ಮನೆಯಲ್ಲಿ ಸತ್ತುಹೋಗಿದ್ದ ಮಗನ ಹೆಸರನ್ನೇ ಇವನಿಗೆ ಇಟ್ಟರು, ಇವನಿಗೆ ಮನೆತನದ ಹೆಸರೂ ಅದೇ ಆಯಿತು. ನೆರೆಯ ಬಂಗಲೆಯ ಯಜಮಾನ ಲಿಂಟನ್ ಇವನನ್ನು ‘ಲಾಸ್ಕರ್’ ಇರಬೇಕು ಅನ್ನುತ್ತಾನೆ. ಲಾಸ್ಕರ್ ಅಂದರೆ ಆಗ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕರು! ನೆಲ್ಲಿಯೋ, ನಿನ್ನಪ್ಪ ಚೀನಾದ ಚಕ್ರವರ್ತಿ, ನಿನ್ನಮ್ಮ ಇಂಡಿಯಾದ ರಾಣಿ ಇದ್ದರೂ ಇರಬಹುದು ಅಂತ ಹುಡುಗನನ್ನು ಸಮಾಧಾನ ಮಾಡುತ್ತಾಳೆ. ಎಲ್ಲರದೂ ಊಹೆಯೇ. ಬ್ರಾಂಟೆ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದಾಳೆ ಅನ್ನುವುದು ನನ್ನ ಅನಿಸಿಕೆ. ಅವನು ಯಾರು ಅಂತ ಗೊತ್ತಾದ ಗಳಿಗೆಯೇ ಅವನ ಬಗೆಗಿನ ಹೆದರಿಕೆ ಅರ್ಧ ಇಳಿದುಬಿಡುತ್ತಿತ್ತು, ಅಲ್ವಾ?

ಪ್ರಶ್ನೆ: ಶೆರ್ಲಾಕ್ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಅಫ್ಘಾನಿಸ್ತಾನದಲ್ಲಿ ಗುಂಡು ಬಿದ್ದದ್ದು ಒಂದು ಕಾದಂಬರಿಯಲ್ಲಿ ಭುಜಕ್ಕೆ, ಇನ್ನೊಂದರಲ್ಲಿ ಕಾಲಿಗೆ. ಎರಡು ಗುಂಡು ಬಿತ್ತಾ?
– ಓದುಗ, ಧಾರವಾಡ

ಉತ್ತರ: ಇಲ್ಲಿ ಗುಟ್ಟೇನೂ ಇದ್ದಂತಿಲ್ಲ, ಕಾನನ್ ಡಾಯ್ಲ್ ಮರೆತರು ಅಂತಲೇ ನನ್ನ ಲೆಕ್ಕ. ಭುಜದ ಗಾಯ 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ, ಕಾಲಿನದು 1890ರ ‘ದಿ ಸೈನ್ ಆಫ್ ಫೋರ್’ನಲ್ಲಿ. ನೆಲ್ಲಿಗಾದರೆ ಗೊತ್ತಿರಲಿಲ್ಲ, ಆದರೆ ಇಲ್ಲಿ ಕಥೆ ಹೇಳುವವನು ಗುಂಡು ತಿಂದವನೇ, ಅದೂ ಡಾಕ್ಟರು! ಇನ್ನೊಂದು ಕಥೆಯಲ್ಲಿ ಈ ಜಾನ್ ವಾಟ್ಸನ್‌ನನ್ನು ಅವನ ಹೆಂಡತಿಯೇ ‘ಜೇಮ್ಸ್’ ಅಂದುಬಿಡುತ್ತಾಳೆ. ಲೇಖಕಿ ಡೊರೊತಿ ಸೇಯರ್ಸ್ ಇದಕ್ಕೂ ಒಂದು ದಾರಿ ಹುಡುಕಿದರು: ಜಾನ್ ಎಚ್. ವಾಟ್ಸನ್‌ನಲ್ಲಿರುವ ‘ಎಚ್’ ಅಂದರೆ ಹ್ಯಾಮಿಶ್, ಅದು ಸ್ಕಾಟ್‌ಲೆಂಡಿನವರ ಜೇಮ್ಸ್. ಗಾಯದ ವಿಷಯಕ್ಕೆ ಮಾತ್ರ ಡಾಯ್ಲ್ ಆಮೇಲೆ ಒಂದು ಸಣ್ಣ ಕಥೆಯಲ್ಲಿ ಜಾಣತನದಿಂದ ನುಣುಚಿಕೊಂಡಿದ್ದಾರೆ. ಗುಂಡು ‘ಕೈಕಾಲುಗಳಲ್ಲಿ ಒಂದರಲ್ಲಿ’ ಇತ್ತಂತೆ.